ನಾಯಿ-ಬೆಕ್ಕಿನ 'ಸಪ್ಲಿಮೆಂಟ್'ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಪರಿಚಯದ ಪಶುವೈದ್ಯರೊಬ್ಬರಿದ್ದಾರೆ. ನೋಡುವುದೆಲ್ಲ ನಾಯಿ-ಬೆಕ್ಕೇ, ಆದರೂ ಓಣಿಯವರಿಗೆ ಅವರು ದನದ ಡಾಕ್ಟರೇ. ದವಾಖಾನೆಗೆ ಬಂದವರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ ಅಂದರು. ಸಾಮಾನ್ಯವಾಗಿ ಬರುವ ಕಾಯಿಲೆಗಳು, 'ನ್ಯಾಚುರಲ್ ಸಪ್ಲಿಮೆಂಟ್' ಅಂತ ಮಾರುವುದರಲ್ಲಿ ಯಾವುದು ಕೊಡಬಹುದು, ಯಾವುದು ಬೇಡ, ಇಷ್ಟೇ ವಿಷಯ. ಅರ್ಧ ಬರೆದು ನಿಂತಿದ್ದೇನೆ. ಕಾಯಿಲೆಗಳ ಹೆಸರು ಹೇಗೋ ಆಯ್ತು, ಈ ಸಪ್ಲಿಮೆಂಟ್ ಅನ್ನುವುದೇ ಕೈಗೆ ಸಿಗುತ್ತಿಲ್ಲ.

ಮೊದಲು 'ಪೂರಕ ಆಹಾರ' ಅಂತ ಬರೆದೆ. ಡಾಕ್ಟರು ಓದಿ, ಅಂಗನವಾಡಿಯಲ್ಲಿ ಕೊಡುವ ಪುಡಿ ಅಂತ ತಿಳ್ಕೋತಾರೆ ಬಿಡ್ರಿ ಅಂದರು. 'ಟಾನಿಕ್' ಎಲ್ಲರಿಗೂ ಗೊತ್ತು, ಆದರೆ ತೊಂದರೆಯೂ ಅದರಲ್ಲೇ ಇದೆ. ಟಾನಿಕ್ ಅಂದರೆ ಶಕ್ತಿ, ಜಾಸ್ತಿ ಹಾಕಿದರೆ ಜಾಸ್ತಿ ಶಕ್ತಿ ಅನ್ನುವ ಲೆಕ್ಕ ನಮ್ಮದು. ಲ್ಯಾಬ್ರಡಾರ್, ಗ್ರೇಟ್ ಡೇನ್‌ನಂಥ ದೊಡ್ಡ ಜಾತಿಯ ಮರಿಗೆ ಒಳ್ಳೆಯ ಪ್ಯಾಕೆಟ್ ಆಹಾರ ಹಾಕುತ್ತಿದ್ದರೆ ಅದರಲ್ಲೇ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರ ಮೇಲೆ ಮತ್ತೆ ಕ್ಯಾಲ್ಸಿಯಂ ಬಾಟಲಿ ಶುರು ಮಾಡಿದರೆ ಎಲುಬಿನ ಬೆಳವಣಿಗೆಯೇ ಕೆಡುತ್ತದೆ, ಯಾಕಂದರೆ ಬೇಕಾದಷ್ಟೇ ಹೀರಿಕೊಂಡು ಉಳಿದದ್ದನ್ನು ಬಿಡುವ ತಾಕತ್ತು ಸಣ್ಣ ಮರಿಗೆ ಇನ್ನೂ ಬಂದಿರುವುದಿಲ್ಲ. ಬರೀ ಅನ್ನ, ಬರೀ ಮಾಂಸ ತಿಂದು ಬೆಳೆಯುವ ಮರಿಗೆ ಅದೇ ಕ್ಯಾಲ್ಸಿಯಂ ನಿಜಕ್ಕೂ ಬೇಕಾಗಬಹುದು. ಅಂದರೆ 'ಕಡಿಮೆ ಬಿದ್ದರೆ ಮಾತ್ರ' ಅನ್ನುವ ಅರ್ಥ ಆ ಪದದಲ್ಲೇ ಬರಬೇಕು. 'ಟಾನಿಕ್' ಅದನ್ನು ಹೇಳುವುದಿಲ್ಲ.

ನಮ್ಮಲ್ಲಿ ಇಂಥ ವಸ್ತುವೇ ಇಲ್ಲ ಅಂತಲ್ಲ. ಬಾಣಂತಿಗೆ ಅಂಟಿನುಂಡಿ ಕೊಡುತ್ತೇವಲ್ಲ, ಅದು ಊಟವೂ ಅಲ್ಲ, ಔಷಧವೂ ಅಲ್ಲ. ಓಣಿಯ ನಾಯಿ ಹಡೆದರೆ ಹುಡುಗರು ಮನೆಮನೆಗೆ ಹೋಗಿ ರವೆ, ಬೆಲ್ಲ, ಚೂರು ಎಣ್ಣೆ ಕೂಡಿಸಿಕೊಂಡು ಬಂದು ಯಾರದಾದರೂ ಒಲೆಯ ಮೇಲೆ ಸಜ್ಜಕ ಮಾಡಿಸಿ ಹಾಕುತ್ತಿದ್ದರು, ಅದೂ ಇದೇ ಜಾತಿ. ಆದರೆ ಇವೆಲ್ಲವನ್ನೂ ಸೇರಿಸಿ ಕರೆಯುವ ಹೆಸರು ಯಾವುದು? ಅವ್ವನನ್ನು ಕೇಳಿದೆ. "ಮೈಗೆ ಹತ್ತೂವಂಥಾದ್ದು" ಅಂದಳು. ಚೆನ್ನಾಗಿದೆ, ಆದರೆ ಹಾಳೆಯ ತಲೆಬರಹಕ್ಕೆ ಹೇಗೆ ಹಾಕಲಿ? ಹೈನು ಮಾಡುವವರಿಗೆ 'ಖನಿಜ ಮಿಶ್ರಣ' ಚೆನ್ನಾಗಿ ಗೊತ್ತು, ಅದನ್ನು ಟಾನಿಕ್ ಅಂತ ಯಾರೂ ತಪ್ಪು ತಿಳಿಯುವುದಿಲ್ಲ. ನಾಯಿಯ ಮಟ್ಟಿಗೆ ಅಷ್ಟು ಪಕ್ಕಾ ಮಾತು ಇದೆಯಾ?

ಇನ್ನು 'ನ್ಯಾಚುರಲ್'. 'ನೈಸರ್ಗಿಕ' ಪುಸ್ತಕದ ಮಾತಾಯ್ತು. ನಮ್ಮ ಕಡೆ ಬಾಯಿಗೆ ಬರುವುದು 'ಜವಾರಿ', ಇಲ್ಲಾ 'ಗಾವಠಿ'. ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಔಷಧ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಜವಾರಿ ಅಂದರೆ ಮುಗೀತು, ಅದು ಒಳ್ಳೆಯದೇ, ಅದರಿಂದ ಏನೂ ಆಗೋದಿಲ್ಲ. ಉಣ್ಣಿ ಹತ್ತಬಾರದು ಅಂತ ಬೆಳ್ಳುಳ್ಳಿ ಜಜ್ಜಿ ರೊಟ್ಟಿಯಲ್ಲಿ ಸುತ್ತಿ ನಾಯಿಗೆ ತಿನ್ನಿಸುವವರು ನಮ್ಮ ಓಣಿಯಲ್ಲೇ ಇದ್ದಾರೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ, ಬೆಕ್ಕಿಗಂತೂ ಇನ್ನೂ ಸ್ವಲ್ಪದಲ್ಲೇ ತ್ರಾಸು. ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಹುದು. ಇವೆಲ್ಲ ಜವಾರಿಯೇ ಅಲ್ವಾ? ಅದಕ್ಕೇ ಆ ಪದ ಬೇಡ ಅನ್ನಿಸುತ್ತಿದೆ, ನನಗೆ ಎಷ್ಟು ಇಷ್ಟವಿದ್ದರೂ.

'ಮೀನೆಣ್ಣೆ'ಯದೂ ಇದೇ ಗೋಳು. ಒಣ ಚರ್ಮಕ್ಕೆ, ವಯಸ್ಸಾದ ನಾಯಿಯ ಕೀಲುನೋವಿಗೆ ಡಾಕ್ಟರು ಹೇಳುವುದು ಮೀನಿನ ಮೈಯಿಂದ ತೆಗೆದ ಎಣ್ಣೆ. ಅಂಗಡಿಯಲ್ಲಿ ಮೀನೆಣ್ಣೆ ಕೊಡಿ ಅಂದರೆ ಕಾಡ್ ಅನ್ನುವ ಮೀನಿನ ಲಿವರ್ ಎಣ್ಣೆಯೂ ಕೈಗೆ ಬರಬಹುದು, ಅದರಲ್ಲಿ ವಿಟಮಿನ್ ಎ ಮತ್ತು ಡಿ ಜಾಸ್ತಿ. ದಿನಾ ಹಾಕುತ್ತ ಹೋದರೆ ಅವು ಮೈಯಲ್ಲೇ ಕೂಡುತ್ತವೆ. 'ಮೀನಿನ ಲಿವರ್ ಎಣ್ಣೆ ಅಲ್ಲ' ಅಂತ ಉದ್ದಕ್ಕೆ ಬರೆದುಬಿಟ್ಟಿದ್ದೇನೆ.

ಎರಡನೇ ಪ್ರಶ್ನೆ ಉಣ್ಣಿಯದು. ಮಲೆನಾಡಿನವರು ಉಣುಗು ಅನ್ನುತ್ತಾರೆ, ಮಂಗನ ಕಾಯಿಲೆಯ ಸುದ್ದಿಯಲ್ಲಿ ಓದಿರುತ್ತೀರಿ. ನಮ್ಮ ಮನೆಯಲ್ಲಿ ತೊಣಚಿ ಅನ್ನುವುದೂ ಉಂಟು, ಆದರೆ ಅದು ಉಣ್ಣಿಯೋ ಚಿಗಟವೋ ಅಂತ ಕೇಳಿದರೆ ಮನೆಯವರಲ್ಲೇ ಜಗಳ. ಸುಮ್ನೆ 'ಹುಳ' ಅಂದುಬಿಡುವವರೇ ಜಾಸ್ತಿ. ಉಣ್ಣಿ ಚರ್ಮಕ್ಕೆ ಕಚ್ಚಿ ಕೂತು ರಕ್ತ ಕುಡಿದು ಔಡಲ ಬೀಜದಂತೆ ಉಬ್ಬುತ್ತದೆ. (ಔಡಲದ ಲ್ಯಾಟಿನ್ ಹೆಸರು ರಿಸಿನಸ್, ಆ ಮಾತಿನ ಅರ್ಥವೇ ಉಣ್ಣಿ! ಬೀಜ ನೋಡಿಯೇ ಇಟ್ಟ ಹೆಸರು.) ಚಿಗಟ ಕೂದಲಲ್ಲಿ ಓಡಾಡುತ್ತದೆ, ಜಿಗಿಯುತ್ತದೆ. ಹೆಸರು ಕಲಸಿದರೆ ಕಾಯಿಲೆಯೂ ಕಲಸುತ್ತದೆ. ಉಣ್ಣಿಯಿಂದ ಬರುವುದು ರಕ್ತಕ್ಕೆ ಸೇರುವ ಜ್ವರ, ನಾಯಿ ಊಟ ಬಿಡುತ್ತದೆ, ವಸಡು ಬಿಳಿಚುತ್ತದೆ, ಒಮ್ಮೊಮ್ಮೆ ಮೂಗಿನಿಂದ ರಕ್ತ, ಇಲ್ಲಾ ಉಚ್ಚೆ ಕೆಂಪಗೆ. ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗಿದರೆ ಲಾಡಿಹುಳು. ಇನ್ನು 'ಉಣ್ಣಿ ಔಷಧ' ಅಂತಷ್ಟೇ ಬರೆದರೆ ನಾಯಿಯದನ್ನು ಬೆಕ್ಕಿಗೂ ಹಾಕುತ್ತಾರೆ. ಅದರಲ್ಲಿ ಪರ್ಮೆತ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ ಹತ್ತಿ ಜೀವವೇ ಹೋಗಬಹುದು. ಹಾಗಾಗಿ 'ನಾಯಿಯ ಉಣ್ಣಿ ಔಷಧ' ಅಂತಲೇ ಬರೆಯುತ್ತಿದ್ದೇನೆ, ಓದಲು ಕಿರಿಕಿರಿಯಾದರೂ ಇರಲಿ.

ನಾಯಿಮರಿಗೆ ವಾಂತಿ, ರಕ್ತ ಬೆರೆತ ಭೇದಿ ತರುವ ವೈರಸ್ ಕಾಯಿಲೆ ಪಾರ್ವೊವನ್ನು ಹಾಗೇ ಪಾರ್ವೊ ಅಂತ ಬಿಟ್ಟಿದ್ದೇನೆ. 'ರಕ್ತಭೇದಿ' ಅಂದರೆ ಜಂತುಹುಳುವಿನಿಂದ ಆಗುವುದೂ ಅದರಲ್ಲೇ ಸೇರುತ್ತದೆ, ಜನ ಹುಳದ ಗುಳಿಗೆ ಕೊಟ್ಟು ಕಾಯುತ್ತಾ ಕೂರುತ್ತಾರೆ, ಮರಿ ಅಷ್ಟು ಹೊತ್ತು ತಡೆಯುವುದಿಲ್ಲ. ಲಸಿಕೆಯ ಪುಸ್ತಕದಲ್ಲೂ ಅದೇ ಹೆಸರಿರುತ್ತದೆ.

ಗದಗ, ಲಕ್ಷ್ಮೇಶ್ವರ, ಹಾವೇರಿ, ರಾಣೆಬೆನ್ನೂರು ಕಡೆಯವರು ಯಾರಾದರೂ ಇದ್ದರೆ, ಕುರಿ-ದನ ಸಾಕಿದ ಮನೆಯ ಹಿರಿಯರನ್ನು ಎರಡು ಮಾತು ಕೇಳಿ ತಿಳಿಸಿ: ತೊಣಚಿ ಅಂದರೆ ನಿಮ್ಮಲ್ಲಿ ಯಾವ ಹುಳ, ಮತ್ತು ದನಕ್ಕೋ ನಾಯಿಗೋ ಮೇವು-ಕೂಳಿನ ಮೇಲೆ ಬೇರೆಯಾಗಿ ಕೊಡುವುದಕ್ಕೆ ಏನಂತಾರೆ. ಶಬ್ದಕೋಶದಿಂದ ತೆಗೆದು ಕಳಿಸಬೇಡಿ, ಅದು ನನ್ನ ಹತ್ತಿರವೂ ಇದೆ. ಏನೂ ಸಿಗದಿದ್ದರೆ 'ಸಪ್ಲಿಮೆಂಟ್' ಅಂತಲೇ ಬರೆದು ಕೆಳಗೆ 'ಡಾಕ್ಟರು ಕಡಿಮೆ ಇದೆ ಅಂದರೆ ಮಾತ್ರ' ಅಂತ ದಪ್ಪಕ್ಷರದಲ್ಲಿ ಹಾಕಿಸುತ್ತೇನೆ.