ತುರ್ತು: ‘ಕಾಂಬ್ಯಾಟ್ ರೆಡಿನೆಸ್‌’ಗೆ ಏನನ್ನೋಣ?

(ಹಾಸನದಿಂದ)
ಬಳಗಕ್ಕೆ ನಮಸ್ಕಾರ. ನಾಳಿದ್ದು ಇಲ್ಲಿ ಮಾಜಿ ಸೈನಿಕರ ಕಾರ್ಯಕ್ರಮ. ಸೇನಾ ಸುಧಾರಣೆ ಕುರಿತ ಭಾಷಣದ ಅನುವಾದ, ವೇದಿಕೆಯ ಫ್ಲೆಕ್ಸ್ ಎರಡೂ ನನ್ನ ತಲೆಗೆ ಬಿದ್ದಿವೆ. ‘ಯುದ್ಧ ಸಿದ್ಧತೆ’ ಅಂದರೆ ನಾಳೆಯೇ ದಂಡೆತ್ತಿ ಹೊರಟ ಹಾಗೆ ಕೇಳುತ್ತೆ. ‘ಥಿಯೇಟರ್ ಕಮಾಂಡ್’ ಬೇರೆ ಇದೆ, ಅಂದರೆ ಒಂದು ಪ್ರದೇಶದ ಮೂರೂ ಪಡೆ ಒಬ್ಬರ ಕೈಕೆಳಗಿರುವ ವ್ಯವಸ್ಥೆ. ಕರಡಿನಲ್ಲಿ ಯಾರೋ ‘ರಂಗಮಂದಿರ ಕಮಾಂಡ್’ ಮಾಡಿಟ್ಟಿದ್ದಾರೆ! ಸಂಜೆ ಐದರೊಳಗೆ ಅಂಗಡಿಗೆ ಕೊಡಬೇಕು.

(ಬೇಲೂರಿನಿಂದ)
‘ಅಣಿ’ ಇರುವಾಗ ಹುಡುಕಾಟವೇಕೆ? ಅಣಿ ಬರೀ ತಯಾರಿಯಲ್ಲ, ಸಾಲುಗಟ್ಟಿ ನಿಂತ ಪಡೆಯೂ ಹೌದು. ‘ಕಾಳಗದ ಅಣಿತನ’ ಎನ್ನಿ. ನಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು, ಹೋರಾಡಿದ ವೀರನಿಗೆ ಕೊಟ್ಟ ಉಂಬಳಿಯನ್ನು ‘ಬಾಳ್ಗಳ್ಚು’ ಎನ್ನುತ್ತದೆ. ಕತ್ತಿ ತೊಳೆದು ಕೊಟ್ಟದ್ದು. ಸಂಸ್ಕೃತದ ಬಾಗಿಲು ತಟ್ಟಬೇಕಿಲ್ಲ.

(ಅರಸೀಕೆರೆಯಿಂದ)
ಅದೇ ಶಾಸನ ‘ಜಯತಿ’ ಎಂದು ಸಂಸ್ಕೃತ ಶ್ಲೋಕದಿಂದಲೇ ಶುರುವಾಗುತ್ತದೆ, ನೋಡಿ. ‘ಅಣಿತನ’ ಯಾರ ಬಾಯಲ್ಲಿದೆ? ‘ಸನ್ನದ್ಧತೆ’ ಸಾಕು. ಧಾತು ‘ನಹ್’, ಅಂದರೆ ಕಟ್ಟುವುದು. ಕವಚ ಬಿಗಿದು ನಿಂತವನು ಸನ್ನದ್ಧ. ಸಿದ್ಧತೆ ನಡೆಯುತ್ತಿರುತ್ತದೆ, ಮದುವೆ ಮನೆಯಲ್ಲೂ. ಸನ್ನದ್ಧತೆ ಇರುತ್ತದೆ. ಚರ್ಚೆ ಮುಗಿಯಿತು.

(ಸಕಲೇಶಪುರದಿಂದ)
ಮುಗಿದಿಲ್ಲ ಸ್ವಾಮಿ. ಹದಿನೇಳು ವರ್ಷ ಫೌಜಿನಲ್ಲಿದ್ದೆ. ನಸುಕಿಗೆ ಮುಂಚೆ ‘ಸ್ಟ್ಯಾಂಡ್ ಟು’. ಬೂಟು ಬಿಗಿದು, ರೈಫಲ್ ಹಿಡಿದು, ಬೆಳಕು ಹರಿಯೋವರೆಗೂ ಮೋರ್ಚಾದಲ್ಲಿ ಪಿಟಕ್ಕೆನ್ನದೆ ಕೂರಬೇಕು. ಅದಕ್ಕೆ ‘ತಯಾರ್’ ಅಂತಿದ್ವಿ, ಯಾವ ಭಾಷೆದು ಅಂತ ಯಾರೂ ಕೇಳಲಿಲ್ಲ.
ಥಿಯೇಟರ್‌ಗೆ ‘ರಂಗ’ ಬೇಡವೇ ಬೇಡ. ಭೂಸೇನೆಗೆ 7, ವಾಯುಸೇನೆಗೆ 7, ನೌಕಾಪಡೆಗೆ 3, ಹೀಗೆ 17 ಕಮಾಂಡ್ ಬೇರೆ ಬೇರೆ ಬೆಳೆದವು. ಮೂರೂ ಪಡೆ ಒಬ್ಬರ ಕೈಕೆಳಗೆ ಬರಲಿ ಅನ್ನೋದೇ ವಿಷಯ. ಅಂಡಮಾನಿನಲ್ಲಿ 2001ರಿಂದಲೇ ಹಾಗಿದೆ. ಸಿಡಿಎಸ್, ಅಂದ್ರೆ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಗೆ ಮೊದಲ ಅಧಿಕಾರಿ ಕೂತದ್ದು 2020ರ ಜನವರಿಯಲ್ಲಿ. ರಕ್ಷಣಾ ಸಚಿವಾಲಯ 2025ನ್ನು ಸುಧಾರಣೆಗಳ ವರ್ಷ ಅಂತ ಸಾರಿತು. ನಮ್ಮ ಕಡೆ ‘ಸುಧಾರಿಸ್ಕೊ’ ಅಂದ್ರೆ ಕೂತು ದಣಿವಾರಿಸ್ಕೊ ಅಂತ. ದಿಲ್ಲಿಯವರು ಯಾವ ಅರ್ಥ ಹಿಡಿದರೋ!

(ಬೇಲೂರಿನಿಂದ)
‘ತಯಾರ್’ ಒಪ್ಪಿದರೆ ನಾಳೆ ‘ಫೌಜು’ ಕೂಡ ಕನ್ನಡವೇ.

(ಸಕಲೇಶಪುರದಿಂದ)
ಯಾವತ್ತೋ ಆಗಿದೆ. ನಮ್ಮಜ್ಜಿಯೂ ಅದನ್ನೇ ಅಂತಿದ್ದಳು.

(ಹಾಸನದಿಂದ)
ಫ್ಲೆಕ್ಸ್ ಅಚ್ಚಿಗೆ ಹೋಯ್ತು: ‘ಸೇನೆ ಸದಾ ಸನ್ನದ್ಧ, ಸುಧಾರಣೆ ಚುರುಕಾಗಲಿ’. ಥಿಯೇಟರ್‌ಗೆ ಭಾಷಣದಲ್ಲಿ ‘ಜಂಟಿ ಕಮಾಂಡ್’. ಅಂಗಡಿ ಹುಡುಗ ‘ಸನ್ನದ್ದ’ ಅಂತ ಹೊಡೆದಿದ್ದ, ಪಕ್ಕದಲ್ಲಿ ಕೂತು ತಿದ್ದಿಸಿದೆ. ಬೇಲೂರಿನವರು ಕ್ಷಮಿಸಬೇಕು.