ಮೋಪಾ ರ‍್ಯಾಂಪ್ ಕೆಲಸದ ಆಫರ್: 2.88 ಲಕ್ಷ ಸಿಟಿಸಿ ಅಂದ್ರೆ ಕೈಗೆ ಎಷ್ಟು ಬರ್ತದೆ?

ಸದಾಶಿವಗಡ_27

ನಮ್ಮ ತಮ್ಮನಿಗೆ ಗೋವಾದ ಮೋಪಾ ಏರ್‌ಪೋರ್ಟಿನಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಗುತ್ತಿಗೆ ಕಂಪನಿಯೊಂದರಿಂದ ರ‍್ಯಾಂಪ್ ಏಜೆಂಟ್ (ವಿಮಾನ ನಿಲ್ಲುವ ಜಾಗದಲ್ಲಿ ಕೆಲಸ ಮಾಡುವವ) ಆಫರ್ ಬಂದಿದೆ. ಮನೆ ಕಾರವಾರ. ಪತ್ರದಲ್ಲಿ ತಿಂಗಳ ಲೆಕ್ಕ ಹೀಗಿದೆ: ಬೇಸಿಕ್ 9,000, ಎಚ್‌ಆರ್‌ಎ 3,600, ಸ್ಪೆಷಲ್ ಅಲೋವೆನ್ಸ್ 6,900, ಕಂಪನಿ ಪಾಲಿನ ಪಿಎಫ್ 1,080, ಇಎಸ್‌ಐ 634, ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) 433, ವೇರಿಯಬಲ್ 1,500, ಇತರೆ ಸೌಲಭ್ಯ 853. ಎಲ್ಲ ಸೇರಿ ಸಿಟಿಸಿ (ಕಂಪನಿ ನೌಕರನ ಮೇಲೆ ಮಾಡುವ ಒಟ್ಟು ಖರ್ಚು) 24,000, ವರ್ಷಕ್ಕೆ 2.88 ಲಕ್ಷ. ವಾರಕ್ಕೆ ಆರು ದಿನ, ಊಟದ ಬಿಡುವು ಸೇರಿ 9 ತಾಸಿನ ಶಿಫ್ಟ್, ರೊಟೇಶನ್. ಒಂದು ವರ್ಷದ ಕರಾರು, ನಡುವೆ ಬಿಟ್ಟರೆ 50,000 ಕಟ್ಟಬೇಕೆಂಬ ಬಾಂಡ್.

ಕೈಗೆ ಎಷ್ಟು ಬರಬಹುದು? ಕಾರವಾರದಿಂದ ದಿನಾ ಓಡಾಡಲಿಕ್ಕೆ ಆಗ್ತದಾ? ಕೆಲಸ ನಿಜವಾಗಿ ಎಂಥದ್ದು? ಗೊತ್ತಿದ್ದವರು ಹೇಳಿ.

ಲೆಕ್ಕದಪುಸ್ತಕ

ಸಿಟಿಸಿ ಅಂಕಿ ಮರೆತುಬಿಡಿ. ನಿಮ್ಮ ಪತ್ರದಲ್ಲಿ ಖಾತೆಗೆ ಬೀಳುವ ಮೂಲ ಮೊತ್ತ ಮೊದಲ ಮೂರು ಸಾಲು ಮಾತ್ರ: 9,000 + 3,600 + 6,900 = 19,500. ಇದರಲ್ಲಿ ನೌಕರನ ಪಿಎಫ್ 1,080, ಇಎಸ್‌ಐ ಶೇ 0.75ರಂತೆ 147 ಹೋಗಿ 18,273 ಉಳಿಯುತ್ತದೆ. ವೇರಿಯಬಲ್ 1,500 ಯಾವ ಷರತ್ತಿಗೆ ಕೊಡುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಬಹಳ ಕಡೆ ಅದು ಹಾಜರಾತಿ ಬೋನಸ್, ಒಂದು ದಿನ ರಜೆ ಹಾಕಿದರೆ ಪೂರ್ತಿ ಹೋಗುತ್ತದೆ. ‘ಇತರೆ ಸೌಲಭ್ಯ 853’ ಅಂದರೆ ಸಾಮಾನ್ಯವಾಗಿ ಯೂನಿಫಾರ್ಮ್, ತರಬೇತಿ, ವಿಮೆಯ ಖರ್ಚು. ಅದು ಕೈಗೆ ಬರುವ ದುಡ್ಡಲ್ಲ.

ಇನ್ನು ನೋಡಬೇಕಾದದ್ದು ಬೇಸಿಕ್ಕನ್ನು ಯಾಕೆ ಇಷ್ಟು ಕೆಳಗೆ ಇಟ್ಟಿದ್ದಾರೆ ಎಂಬುದು. ಎಲ್ಲ ನೌಕರರಿಗೂ ಒಂದೇ ರೀತಿ ಕೊಡುವ ಸ್ಪೆಷಲ್ ಅಲೋವೆನ್ಸ್ ಪಿಎಫ್ ಲೆಕ್ಕಕ್ಕೆ ಸೇರಬೇಕು ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿದೆ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ‘ವೇತನ’ದ ವ್ಯಾಖ್ಯೆಯೂ ಅದೇ ದಿಕ್ಕಿನದು. ಹಾಗೆ ಹಿಡಿದರೆ 9,000 + 6,900 = 15,900; ಪಿಎಫ್ ಮಿತಿ 15,000ಕ್ಕೆ ಶೇ 12 ಅಂದರೆ 1,800. ತಮ್ಮನ ಕಡಿತ 720 ಹೆಚ್ಚುತ್ತದೆ, ಕೈಗೆ 17,553 ಬರುತ್ತದೆ. ಆದರೆ ಕಂಪನಿಯೂ ಅಷ್ಟೇ ಹೆಚ್ಚು ಹಾಕಬೇಕು. ‘ಪಿಎಫ್ ಕಡಿಮೆ, ಕೈಗೆ ಜಾಸ್ತಿ’ ಎಂದು ಎಚ್‌ಆರ್ ಹೇಳುವಾಗ ಯಾರ ಪಾಲು ಉಳಿಯುತ್ತಿದೆ ಎಂದು ಗಮನಿಸಿ.

ಕಡಿಮೆ ಬೇಸಿಕ್ಕಿನ ದೊಡ್ಡ ಪೆಟ್ಟು ಬೀಳುವುದು ಓವರ್‌ಟೈಮಿಗೆ. ಓಟಿ ದರ ವೇತನದ ಎರಡು ಪಟ್ಟು. 26 ದಿನ, 8 ತಾಸಿನಂತೆ 9,000ಕ್ಕೆ ಲೆಕ್ಕ ಹಾಕಿದರೆ ತಾಸಿಗೆ ಸುಮಾರು 86 ರೂ., 15,900ಕ್ಕೆ ಹಾಕಿದರೆ ಸುಮಾರು 153. ಫ್ಲೈಟ್ ತಡವಾದಾಗ ‘ಇನ್ನು ಒಂದೇ ವಿಮಾನ ಮುಗಿಸಿ ಹೋಗು’ ಎನ್ನುವುದು ಈ ಕೆಲಸದಲ್ಲಿ ತೀರಾ ಮಾಮೂಲು, ಹಾಗಾಗಿ ಇದು ಸಣ್ಣ ವ್ಯತ್ಯಾಸವಲ್ಲ. ಓಟಿಯ ಬದಲು ಕಾಂಪ್ ಆಫ್ (ಬದಲಿ ರಜೆ) ಕೊಡುತ್ತಾರಾ, ಅದಕ್ಕೆ ಅವಧಿ ಮಿತಿ ಇದೆಯಾ ಎಂದೂ ಕೇಳಿ.

ಕರಾರಿನ ತಾರೀಖು ಎಣಿಸಿ. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಇದೆ, ಐದು ವರ್ಷ ಕಾಯಬೇಕಿಲ್ಲ. ಕರಾರು 11 ತಿಂಗಳಿಗೋ 360 ದಿನಕ್ಕೋ ಮುಗಿಯುವಂತಿದ್ದರೆ ಅದು ಯಾಕೆಂದು ಅರ್ಥವಾಗುತ್ತದೆ. 433 ರೂಪಾಯಿಯನ್ನು ಸಿಟಿಸಿಯಲ್ಲಿ ತೋರಿಸಿ, ಸಿಗದ ಹಾಗೆ ಕರಾರು ಬರೆಯುವವರಿದ್ದಾರೆ.

ಹುದ್ದೆಯ ಹೆಸರು ರ‍್ಯಾಂಪ್ ಏಜೆಂಟ್ ಎಂದಿದ್ದರೂ ಕೆಲಸ ಲೋಡಿಂಗ್–ಅನ್‌ಲೋಡಿಂಗ್ ಆದರೆ ಕೇಂದ್ರದ ಕನಿಷ್ಠ ವೇತನದ ಪಟ್ಟಿಯನ್ನೂ ನೋಡಿ. 2024ರ ಅಕ್ಟೋಬರ್ 1ರಿಂದ ಎ ವಲಯದ (ದೊಡ್ಡ ನಗರಗಳ) ಅಕುಶಲ ದರ ದಿನಕ್ಕೆ 783, ಅಂದರೆ 26 ದಿನಕ್ಕೆ 20,358 ಇತ್ತು. ಗೋವಾ ಎ ವಲಯವಲ್ಲ, ಅಲ್ಲಿನ ದರ ಇದಕ್ಕಿಂತ ಕಡಿಮೆ. ಎ ವಲಯದ ಬೆಂಗಳೂರಿಗೆ ವರ್ಗ ಮಾಡಿದರೆ ಮಾತ್ರ ಇದೇ ಸಂಬಳದಲ್ಲಿ ಕೂರಿಸುವ ಹಾಗಿಲ್ಲ. ಏಪ್ರಿಲ್ 1 ಮತ್ತು ಅಕ್ಟೋಬರ್ 1ಕ್ಕೆ ತುಟ್ಟಿಭತ್ಯೆ ಬದಲಾಗುತ್ತದೆ.

ಕಾಳಿನದಿ ದಂಡೆ

ದಿನಾ ಓಡಾಟ ಸಾಧ್ಯವೇ ಇಲ್ಲ ಮಾರಾಯ್ರೆ. ಮೋಪಾ ಇರುವುದು ಪೆಡ್ಣೆ ತಾಲೂಕಿನಲ್ಲಿ, ಮಹಾರಾಷ್ಟ್ರ ಗಡಿಯ ಹತ್ತಿರ. ಕಾರವಾರದಿಂದ ಸುಮಾರು 130 ಕಿ.ಮೀ., ಇಡೀ ಗೋವಾ ದಾಟಬೇಕು. ಪೆಡ್ಣೆ ಕಡೆಗೆ ಲೋಕಲ್ ರೈಲು ಇದೆ, ಆದರೆ ಬೆಳಗಿನ ಜಾವ 4 ಗಂಟೆಯ ಶಿಫ್ಟಿಗೆ ಅದು ಯಾವ ಉಪಯೋಗಕ್ಕೂ ಇಲ್ಲ. ಪೆಡ್ಣೆ ಅಥವಾ ಮಾಪ್ಸಾದಲ್ಲಿ ನಾಲ್ಕು ಜನ ಸೇರಿ ರೂಮ್ ಮಾಡುವುದೇ ದಾರಿ. ಕಂಪನಿ ಪಿಕಪ್ ಎಷ್ಟು ಕಿ.ಮೀ. ಒಳಗೆ, ಎಲ್ಲ ಶಿಫ್ಟಿಗೂ ಇದೆಯಾ ಅಥವಾ ರಾತ್ರಿಗೆ ಮಾತ್ರವಾ ಎಂದು ಕೇಳಿ, ಆಮೇಲೆ ರೂಮ್ ಹುಡುಕಿ. ಎಚ್‌ಆರ್‌ಎ 3,600ರಲ್ಲಿ ಒಬ್ಬನೇ ಇರುವ ರೂಮಿನ ಆಸೆ ಬೇಡ, ಅದರಲ್ಲೂ ಸೀಸನ್ನಿನಲ್ಲಿ.

ಗೋವಾದ ಇನ್ನೊಂದು ಏರ್‌ಪೋರ್ಟ್ ದಾಬೋಳಿ ಸಿಕ್ಕರೆ ಕಾರವಾರಕ್ಕೆ ಹತ್ತಿರ. ಅದು ನೌಕಾಪಡೆಯ ರನ್‌ವೇ, ವಾರದ ದಿನಗಳಲ್ಲಿ ಬೆಳಗಿನ ಕೆಲವು ತಾಸು ಅವರ ಹಾರಾಟಕ್ಕೆ ಮೀಸಲು. ಹಾಗಾಗಿ ನಾಗರಿಕ ವಿಮಾನಗಳು ಮಧ್ಯಾಹ್ನದ ಮೇಲೆ ಒತ್ತಾಗಿ ಬರುತ್ತವೆ, ರೋಸ್ಟರೂ ಹಾಗೇ.

ಶಿರಸಿ ಪೇಟೆ

ಶಿರಸಿ ಕಡೆಯವರು ಹುಬ್ಬಳ್ಳಿ ನೋಡುವುದಾದರೆ ಒಂದು ಮಾತು: ಸಣ್ಣ ನಿಲ್ದಾಣಗಳಲ್ಲಿ ವಿಮಾನ ಕಡಿಮೆ, ಹಾಗಾಗಿ ಒಡೆದ ಶಿಫ್ಟ್ ಬರಬಹುದು. ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು. ನಡುವಿನ ಹೊತ್ತಿಗೆ ಸಂಬಳವಿಲ್ಲ, ಮನೆಗೆ ಹೋಗಿ ಬರಲಿಕ್ಕೂ ಆಗುವುದಿಲ್ಲ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ವೇಳಾಪಟ್ಟಿ ಬದಲಾಗುತ್ತದೆ, ಆಗ ಶಿಫ್ಟೂ ಬುಡಮೇಲು.

ಬೆಲ್ಟ್ ಲೋಡರ್

ಕೆಲಸದ ಬಗ್ಗೆ ಯಾರೂ ಬರೆದಿಲ್ಲ.

ಎ320 ವಿಮಾನದ ಹೋಲ್ಡ್ (ಸಾಮಾನು ತುಂಬುವ ಹೊಟ್ಟೆಭಾಗ) ಎತ್ತರ ನಾಲ್ಕು ಅಡಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಒಳಗಿರುವವನು ಮಂಡಿಯೂರಿಯೇ ಬ್ಯಾಗ್ ಎಳೆದು ಜೋಡಿಸಬೇಕು. 180 ಸೀಟು, ತಲೆಗೆ 15 ಕೆಜಿ ಹಿಡಿದರೆ 2,700 ಕೆಜಿ ಇಳಿಸಿ, ಮತ್ತೆ ಅಷ್ಟೇ ಏರಿಸಬೇಕು; ಇದಕ್ಕೆ ಅರ್ಧ ತಾಸಿನ ಆಸುಪಾಸು ಸಮಯ. ಒಂದು ಬ್ಯಾಗಿನ ಗರಿಷ್ಠ ತೂಕ 32 ಕೆಜಿ. ಮೊದಲು ಹೋಗುವುದು ಮಂಡಿ, ಆಮೇಲೆ ಸೊಂಟ. ನೀ ಪ್ಯಾಡ್, ಉಕ್ಕಿನ ತುದಿಯ ಶೂ, ಇಯರ್ ಮಫ್, ಪ್ರತಿಫಲಕ ಜಾಕೆಟ್, ಮಳೆಗಾಲಕ್ಕೆ ರೇನ್‌ಕೋಟ್, ಇಷ್ಟನ್ನೂ ಕಂಪನಿಯೇ ಪುಕ್ಕಟೆ ಕೊಡಬೇಕು. ನೀ ಪ್ಯಾಡ್ ಕೇಳಿದರೆ ನಗುವ ಸೂಪರ್‌ವೈಸರ್ ಇರುತ್ತಾನೆ. ಆದರೂ ಕೇಳಿ.

ಅವಘಡ ಆಗುವುದು ಅವಸರಕ್ಕೆ. ಎಂಜಿನ್ ನಿಂತು, ವಿಮಾನದ ಕೆಂಪು ಮಿನುಗು ದೀಪ ಆರುವ ತನಕ ಹತ್ತಿರ ಹೋಗಬಾರದು. ಸರಿಯಾಗಿ ಚಾಕ್ಸ್ (ಗಾಲಿಗೆ ಕೊಡುವ ಅಡ್ಡಗಟ್ಟೆ) ಇಟ್ಟ ಮೇಲೆಯೇ ಉಳಿದ ವಾಹನಗಳು ಬರಬೇಕು. ಬೆಲ್ಟ್ ಲೋಡರನ್ನು (ಬ್ಯಾಗ್ ಏರಿಸಿಳಿಸುವ ಪಟ್ಟಿಯ ವಾಹನ) ದೂರದಲ್ಲೇ ನಿಲ್ಲಿಸಿ ಬ್ರೇಕ್ ಪರೀಕ್ಷಿಸಿ ತರಬೇಕು. ಇಳಿಸುವಾಗ ಹಿಂದಿನ ಹೋಲ್ಡ್ ಮೊದಲು, ಏರಿಸುವಾಗ ಮುಂದಿನದು ಮೊದಲು. ಇದನ್ನು ತಿರುಗಾಮುರುಗಾ ಮಾಡಿದರೆ ಭಾರ ಹಿಂದಕ್ಕೆ ಬಿದ್ದು ವಿಮಾನದ ಬಾಲ ನೆಲಕ್ಕೆ ಕೂರುವ ಅಪಾಯ. ಯಾವ ಹೋಲ್ಡಿಗೆ ಎಷ್ಟು ಎಂದು ಲೋಡಿಂಗ್ ಶೀಟಿನಲ್ಲಿ ಇರುತ್ತದೆ. ಜಾಗವಿದೆಯೆಂದು ಹತ್ತು ಬ್ಯಾಗ್ ಬೇರೆ ಕಡೆ ತುರುಕಿ ಹೇಳದೆ ಬಿಟ್ಟರೆ ಪೈಲಟ್ಟಿನ ಟ್ರಿಮ್ (ವಿಮಾನದ ಸಮತೋಲನ) ಲೆಕ್ಕವೇ ತಪ್ಪು.

ವಾಹನ ವಿಮಾನಕ್ಕೆ ಸ್ವಲ್ಪ ತಾಗಿದರೂ ಆ ಕ್ಷಣವೇ ಹೇಳಿ. ತಾಗಿಸಿದ್ದಕ್ಕೆ ಎಚ್ಚರಿಕೆ ಪತ್ರ ಸಿಗಬಹುದು, ಮುಚ್ಚಿಟ್ಟದ್ದಕ್ಕೆ ಕೆಲಸವೇ ಹೋಗುತ್ತದೆ. ನಷ್ಟವನ್ನು ಸಂಬಳದಲ್ಲಿ ಹಿಡಿಯುವ ಮುಂಚೆ ನೌಕರನ ವಿವರಣೆ ಕೇಳಲೇಬೇಕು, ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟುವಂತಿಲ್ಲ.

ರ‍್ಯಾಂಪ್ ಚಾಲಕರು, ಗ್ರೌಂಡ್ ಹ್ಯಾಂಡ್ಲಿಂಗ್ ಸಿಬ್ಬಂದಿಗೂ ಉಸಿರಿನ ಮದ್ಯಪರೀಕ್ಷೆ ಇದೆ, ಯಾರನ್ನು ಬೇಕಾದರೂ ಕರೆಯುತ್ತಾರೆ. ಗೋವಾದಲ್ಲಿ ರೂಮ್ ಮಾಡಿಕೊಂಡು ಇರುವ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕು. ಮದ್ಯಾಂಶದ ಮೌತ್‌ವಾಶೂ ಶಿಫ್ಟಿಗೆ ಮುಂಚೆ ಬೇಡ.

ಇನ್ನೊಂದು: ಪೈಲಟ್ ಮತ್ತು ಕ್ಯಾಬಿನ್ ಸಿಬ್ಬಂದಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಹಾರಾಟ–ವಿಶ್ರಾಂತಿ ಮಿತಿ ಹಾಕಿದೆ, ಪೈಲಟ್ಟಿಗೆ ವಾರಕ್ಕೆ 48 ತಾಸು ವಿಶ್ರಾಂತಿ. ಆ ನಿಯಮ ಕೆಳಗೆ ಬ್ಯಾಗ್ ಎತ್ತುವವನಿಗಿಲ್ಲ. ಇದೇ ವಿಶ್ರಾಂತಿ ನಿಯಮಕ್ಕೆ ಪೈಲಟ್ ಸಾಲದೆ 2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ಬೈಗುಳ ತಿಂದದ್ದು ಕೌಂಟರಿನ ಹುಡುಗ ಹುಡುಗಿಯರು.

ಸದಾಶಿವಗಡ_27

ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದವು. ಬಾಂಡಿಗೆ ಸಹಿ ಹಾಕಬಹುದಾ? ಮೂಲ ಅಂಕಪಟ್ಟಿಯನ್ನೂ ಕೇಳ್ತಿದ್ದಾರೆ. ಮುಂದೆ ಸಂಬಳದ ತಕರಾರು ಬಂದರೆ ಕಾರವಾರದ ಕಾರ್ಮಿಕ ಕಚೇರಿಗೆ ಹೋಗಬಹುದಾ?

ಲೆಕ್ಕದಪುಸ್ತಕ

ಬಾಂಡ್ ಅಂದ ಕೂಡಲೇ ಅನೂರ್ಜಿತ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯದೇ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಆದರೆ ಅಲ್ಲಿ ಹುದ್ದೆ, ನೇಮಕಾತಿಯ ಖರ್ಚು ಎಲ್ಲ ಬೇರೆ. 18 ಸಾವಿರದ ಕೆಲಸಕ್ಕೆ ಕೆಲವು ದಿನಗಳ ತರಬೇತಿ ಕೊಟ್ಟು 50,000 ಕೇಳಿದರೆ ಅದು ನ್ಯಾಯವಾದ ನಷ್ಟಭರ್ತಿಯೇ ಎಂಬ ಪ್ರಶ್ನೆ ಬರುತ್ತದೆ. ಕಳೆದ ತಿಂಗಳುಗಳಿಗೆ ತಕ್ಕಂತೆ ಮೊತ್ತ ಇಳಿಯುವ ಸಾಲು ಸೇರಿಸಲು ಕೇಳಿ. ಮೂಲ ಅಂಕಪಟ್ಟಿ ತೋರಿಸಿ ವಾಪಸ್ ತನ್ನಿ, ಬಿಟ್ಟು ಬರಬೇಡಿ.

ಸಂಬಳ ಸೇರಿದ ದಿನದಿಂದಲೋ ಅಥವಾ ಏರ್‌ಪೋರ್ಟ್ ಎಂಟ್ರಿ ಪಾಸ್ ಬಂದ ದಿನದಿಂದಲೋ? ಇದನ್ನು ಇವತ್ತೇ ಬರೆಸಿಕೊಳ್ಳಿ. ಪಾಸಿಗೆ ಕಂಪನಿಯೇ ಅರ್ಜಿ ಹಾಕಬೇಕು, ಪೊಲೀಸ್ ಪರಿಶೀಲನೆ ಕಾರವಾರದ ವಿಳಾಸದಲ್ಲಿ ಆಗಬೇಕು. ರಾಜ್ಯ ಬೇರೆಯಾದ್ದರಿಂದ ವಾರಗಟ್ಟಲೆ ಎಳೆಯಬಹುದು, ಅಲ್ಲಿಯವರೆಗೆ ರೂಮ್ ಬಾಡಿಗೆ ನಿಮ್ಮದೇ. ಆಧಾರ್, ಅಂಕಪಟ್ಟಿ, ಅರ್ಜಿ ಮೂರರಲ್ಲೂ ಹೆಸರಿನ ಅಕ್ಷರ, ಇನಿಶಿಯಲ್ ಒಂದೇ ಇರಲಿ. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಇದಕ್ಕೇ.

ಕಾರವಾರದ ಕಚೇರಿಗೆ ಹೋದರೆ ವಾಪಸ್ ಕಳಿಸುತ್ತಾರೆ, ಗೋವಾ ರಾಜ್ಯದ ಕಚೇರಿಯೂ ಅಲ್ಲ. ವಾಯುಸಾರಿಗೆ ಕೇಂದ್ರದ ವ್ಯಾಪ್ತಿ, ಅದರ ಗುತ್ತಿಗೆದಾರನೂ ಅಲ್ಲಿಗೇ ಸೇರುತ್ತಾನೆ. ಮೋಪಾದವರು ಗೋವಾದಲ್ಲಿರುವ ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಬೇಕು, ಆನ್‌ಲೈನಿನಲ್ಲಾದರೆ ಸಮಾಧಾನ್ ಪೋರ್ಟಲ್. ಪಿಎಫ್ ಜಮಾ ಆಗದಿದ್ದರೆ ಇಪಿಎಫ್‌ಒ ದೂರು ಪೋರ್ಟಲ್ ಬೇರೆಯೇ ಇದೆ. ಪಾಸ್‌ಬುಕ್ ಪ್ರತಿ ತಿಂಗಳೂ ನೋಡಿ. ಸ್ಲಿಪ್ಪಿನಲ್ಲಿ ಕಡಿತ ತೋರಿಸಿ ಖಾತೆಗೆ ಹಾಕದಿದ್ದರೆ ಎರಡನ್ನೂ ಒಟ್ಟಿಗೆ ಲಗತ್ತಿಸಿ. ರೋಸ್ಟರ್ ವಾಟ್ಸಾಪ್ ಗ್ರೂಪಿನಲ್ಲಿ ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲಸ ಬಿಟ್ಟ ದಿನವೇ ಗ್ರೂಪಿನಿಂದ ತೆಗೆದುಹಾಕುತ್ತಾರೆ, ಆಮೇಲೆ ಓಟಿಗೆ ಸಾಕ್ಷಿ ಹುಡುಕುವುದು ಕಷ್ಟ.