ಅಂಗಡಿಗೆ ಕೊಟ್ಟ ಪುಸ್ತಕದ ಕಟ್ಟು ಬಿಚ್ಚಿಯೇ ಇಲ್ಲ, ಏನು ಮಾಡಲಿ?

ತೀರ್ಥಹಳ್ಳಿ ಮೇಷ್ಟ್ರು:
ಸ್ವಂತ ಖರ್ಚಿನಲ್ಲಿ ಕಥಾಸಂಕಲನ ಮಾಡಿಸಿದ್ದೇನೆ. 500 ಪ್ರತಿ, ಬೆಲೆ 160 ರೂಪಾಯಿ. ಜೂನ್ ಮೊದಲ ವಾರ ಶಿವಮೊಗ್ಗದ ಒಂದು ಅಂಗಡಿಗೆ ಹತ್ತು ಪ್ರತಿ ಕೊಟ್ಟು ಬಂದೆ. ನಾಲ್ಕು ತಿಂಗಳ ಮೇಲೆ ಹೋದರೆ, ನಾನೇ ಕಟ್ಟಿದ್ದ ಸೆಣಬಿನ ದಾರ ಹಾಗೆಯೇ ಇದೆ. ಕಟ್ಟಿನ ಮೇಲೆ ಗ್ರಾಫ್ ಪುಸ್ತಕಗಳ ರಾಶಿ. ಜಗಳ ಆಡಲೂ ನಾಚಿಕೆ, ವಾಪಸ್ ಕೇಳಲೂ ನಾಚಿಕೆ. ಅಂಗಡಿಯವರ ಜೊತೆ ಹೇಗೆ ವ್ಯವಹರಿಸಬೇಕು?

ಹಾಸನದ ಅಂಗಡಿಯವನು:
ಮೇಷ್ಟ್ರೇ, ಜೂನ್‌ನಲ್ಲಿ ಹೋದದ್ದೇ ಮೊದಲ ತಪ್ಪು. ನಮ್ಮಂಥ ಊರಿನ ಅಂಗಡಿ ವರ್ಷವಿಡೀ ಉಸಿರಾಡುವುದು ಜೂನ್‌ನ ನೋಟ್‌ಬುಕ್ ವ್ಯಾಪಾರದಿಂದ. ಆಗ ಕುವೆಂಪು ಅವರೇ ಬಂದರೂ ‘ಅಲ್ಲಿಡಿ ಸಾರ್’ ಎಂದೇ ಹೇಳುತ್ತಿದ್ದೆ.

ಇಪ್ಪತ್ತೆರಡು ವರ್ಷದಿಂದ ಗಲ್ಲಾದಲ್ಲಿ ಕೂತವನಾಗಿ ಕೇಳುತ್ತೇನೆ: ಬಿಲ್ ಕೊಟ್ಟಿದ್ದೀರಾ? ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ನಿಜ, ಹಾಗಂತ ಕಾಗದವೇ ಬೇಡವೆಂದಲ್ಲ. ಎಷ್ಟು ಪ್ರತಿ, ಎಷ್ಟು ಕಮಿಷನ್, ಮಾರಿದ ಮೇಲೆ ಹಣವೋ ಮೊದಲೇ ಹಣವೋ, ನಿಮ್ಮ ಫೋನ್ ನಂಬರ್. ಇದಿಲ್ಲದ ಕಟ್ಟು ಯಾರದೆಂದು ವಾರದಲ್ಲಿ ಮರೆತುಹೋಗುತ್ತದೆ.

ಇನ್ನೊಂದು ನನ್ನ ಸ್ವಂತ ಸಂಕಟ. ಒಬ್ಬ ಲೇಖಕರು ನನಗೆ ಶೇ 35 ಕಮಿಷನ್‌ಗೆ ಒಪ್ಪಿ ಪುಸ್ತಕ ಕೊಟ್ಟರು. ಅದೇ ಸಂಜೆ ಫೇಸ್‌ಬುಕ್‌ನಲ್ಲಿ ‘ನನ್ನಿಂದಲೇ ನೇರವಾಗಿ ತರಿಸಿಕೊಳ್ಳಿ, ಶೇ 30 ರಿಯಾಯಿತಿ, ಅಂಚೆ ವೆಚ್ಚವಿಲ್ಲ’ ಎಂದು ಹಾಕಿದರು. 160ರ ಪುಸ್ತಕದಲ್ಲಿ ನನಗೆ ಉಳಿಯುವುದು 56 ರೂಪಾಯಿ. ಅದರಲ್ಲಿ ಬಾಡಿಗೆ, ಕರೆಂಟು, ಹುಡುಗನ ಸಂಬಳ. ಅವರ ದರಕ್ಕೆ ನಾನು ಮಾರಿದರೆ ಕೈಗೆ ಎಂಟು ರೂಪಾಯಿ. ಆ ಪುಸ್ತಕವನ್ನು ಮೇಲಿನ ಅಟ್ಟಕ್ಕೆ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ಚೆನ್ನರಾಯಪಟ್ಟಣದಿಂದ ಬರುವ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ, ಪ್ರಬಂಧ ಬರೆಯುತ್ತಾರೆ. ಬಂದರೆ ಮೊದಲು ಬೇರೆಯವರದೊಂದು ಪುಸ್ತಕ ಕೊಳ್ಳುತ್ತಾರೆ. ಆಮೇಲೆ ಕರವಸ್ತ್ರದಲ್ಲಿ ತಮ್ಮ ಪುಸ್ತಕದ ಧೂಳು ಒರೆಸಿ, ಮುಖಪುಟ ಮಾಸಿದ ಪ್ರತಿ ತೆಗೆದುಕೊಂಡು ಹೊಸದಿಡುತ್ತಾರೆ. ‘ಎಷ್ಟು ಹೋಯಿತು?’ ಎಂದು ಒಮ್ಮೆಯೂ ಕೇಳಿಲ್ಲ. ಲೆಕ್ಕವನ್ನು ನಾನೇ ಹೇಳುತ್ತೇನೆ. ಓದಲು ಏನಾದರೂ ಕೊಡಿ ಎಂದು ಯಾರೇ ಕೇಳಲಿ, ನನ್ನ ಕೈ ಅವರ ಪುಸ್ತಕಕ್ಕೇ ಹೋಗುತ್ತದೆ.

ಎರಡು ಸಂಕಲನದವಳು:
ಪುಸ್ತಕದ ಬೆನ್ನಿನ ಮೇಲೆ ಹೆಸರು ಅಚ್ಚಾಗಿದೆಯೇ ನೋಡಿಕೊಳ್ಳಿ. ನನ್ನ ಮೊದಲ ಪುಸ್ತಕ 88 ಪುಟ, ಬೆನ್ನು ಖಾಲಿ. ಕಪಾಟಿನಲ್ಲಿ ನಿಲ್ಲಿಸಿದರೆ ನನಗೇ ಹುಡುಕಲಾಗಲಿಲ್ಲ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಅದನ್ನೂ ಮಾಡಿಸಿ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಕಂಪ್ಯೂಟರ್ ಬಿಲ್ ಹಾಕುವ ದೊಡ್ಡ ಅಂಗಡಿಗಳು ಅದನ್ನೇ ಮೊದಲು ಕೇಳುವುದು.

ಹತ್ತು ಕೊಡಬೇಡಿ, ಮೂರು ಕೊಡಿ. ಮುಗಿದರೆ ಅವರೇ ಫೋನ್ ಮಾಡುತ್ತಾರೆ.

ತೀರ್ಥಹಳ್ಳಿ ಮೇಷ್ಟ್ರು:
ನಿನ್ನೆ ಹೋಗಿದ್ದೆ. ಬಿಲ್ ಬರೆದುಕೊಂಡೇ ಹೋದೆ. ‘ಇದು ನಿಮ್ಮದೋ! ಯಾರದೆಂದು ತಿಳಿಯದೆ ಇಟ್ಟುಕೊಂಡಿದ್ದೆ’ ಎಂದರು. ದಾರ ಬಿಚ್ಚಿದೆವು. ಕೆಳಗಿನ ಎರಡು ಪ್ರತಿಗೆ ಗೆದ್ದಲು. ಮೂರನ್ನು ಗಲ್ಲಾದ ಪಕ್ಕ ನಿಲ್ಲಿಸಿಕೊಂಡರು, ಐದು ವಾಪಸ್ ತಂದೆ. ಬೆನ್ನಿನ ಮೇಲೆ ಹೆಸರಿದೆ, ಆದರೆ ತಲೆಕೆಳಗಾಗಿ ಅಚ್ಚಾಗಿದೆ. ಅಂಗಡಿಯವರೇ ತೋರಿಸಿದ್ದು.